ಸಾವಿರಕ್ಕೆ ಎರಡು

ಮಾಹುಲ್ ರಸ್ತೆಯಲ್ಲಿ, ಟ್ಯಾಂಕರುಗಳು ಸಾಲುಗಟ್ಟುವ ಕಡೆ,
ಇಪ್ಪತ್ತಾರು ವರ್ಷ ನಾನು ಒಂದು ಡ್ರಮ್ಮನ್ನು ಕಾದೆ.
ಲಾರಿಯಷ್ಟು ಉದ್ದ, ನಿಮಿಷಕ್ಕೊಂದು ಸುತ್ತೂ ಇಲ್ಲ,
ಮೈತುಂಬ ಬಟ್ಟೆ ಸುತ್ತಿಕೊಂಡು ತಣ್ಣಗೆ ತಿರುಗುವ ಡ್ರಮ್ಮು.

ಬರುವುದು ಕಂದು ಬಣ್ಣದ ಗಸಿ.
ರಿಫೈನರಿಯವರು ತಮಗೆ ಬೇಕಾದ್ದು ತೆಗೆದುಕೊಂಡು
ಬಿಟ್ಟದ್ದು: ಮೇಣವೇ, ಆದರೆ ಮುಟ್ಟಿದರೆ ಜಿಡ್ಡು,
ಇನ್ನೂ ಎಣ್ಣೆಯ ನಂಟು ಬಿಡದ ಮೇಣ.
ಅದಕ್ಕೆ ದ್ರಾವಕ ಬೆರೆಸುತ್ತೇವೆ, ಆಮೇಲೆ
ಚಳಿ ಹಿಡಿಸುತ್ತೇವೆ, ಅವಸರವಿಲ್ಲದೆ.
ಅವಸರ ಮಾಡಿದರೆ ಹರಳು ನುಚ್ಚಾಗಿ ಬಟ್ಟೆ ಕಟ್ಟುತ್ತದೆ.
ಇದು ಘರತ್ ಹೇಳಿಕೊಟ್ಟದ್ದು, ಮೊದಲ ರಾತ್ರಿಪಾಳಿಯಲ್ಲಿ:
ತಣಿಸು, ಹೆದರಿಸಬೇಡ.

ಚಳಿಗೆ ಮೇಣ ಮುದುಡಿ ತನ್ನನ್ನು ತಾನೇ ಅಪ್ಪಿಕೊಳ್ಳುತ್ತದೆ.
ಎಣ್ಣೆ, ದ್ರಾವಕದ ಕೈ ಹಿಡಿದು, ಬಟ್ಟೆ ದಾಟಿ ಓಡಿಹೋಗುತ್ತದೆ.
ಡ್ರಮ್ಮಿನ ಮೇಲೆ ಉಳಿಯುವುದು ಬಿಳಿ ಪದರ,
ನೀರುದೋಸೆ ಕಾವಲಿ ಬಿಟ್ಟು ಏಳುವ ಹಾಗೆ
ಬ್ಲೇಡಿಗೆ ಏಳುತ್ತದೆ, ಮಡಚಿ ಮಡಚಿ ಬೀಳುತ್ತದೆ.
ಬೆಣ್ಣೆಯಿಂದ ಕೂದಲು ತೆಗೆದಂತೆ ಎನ್ನುವುದು ಬಾಯಿಮಾತು;
ಕೂದಲಿನಿಂದ ಬೆಣ್ಣೆ ತೆಗೆದವರು ನಾವು.

ದ್ರಾವಕಕ್ಕೆ ಯಾರೂ ಬೇಡ.
ಎಣ್ಣೆಯನ್ನು ಒಂದು ಮನೆಗೆ, ಮೇಣವನ್ನು ಇನ್ನೊಂದಕ್ಕೆ ಬಿಟ್ಟು
ಕಾವಿಗೆ ಆವಿಯಾಗಿ, ತಣ್ಣನೆ ಕೊಳವೆಗೆ ತಾಗಿ ಹನಿಯಾಗಿ
ಮರಳಿ ತೊಟ್ಟಿಗೇ ಬರುತ್ತದೆ, ನಾಳೆಯ ಗಸಿಗೆ.
ದಲ್ಲಾಳಿ, ಎನ್ನುತ್ತಿದ್ದ ಘರತ್.
ನನಗೆ ಮಾತ್ರ ಕೊನೆಯ ಬಸ್ಸಿನ ಕಂಡಕ್ಟರಂತೆ ಕಾಣುತ್ತಿತ್ತು,
ಎಲ್ಲರನ್ನೂ ಇಳಿಸಿ ಡಿಪೋಗೆ ಒಬ್ಬನೇ.

ಆದರೆ ಪೂರ್ತಿ ಬರುವುದಿಲ್ಲ.
ಪಾಳಿ ಮುಗಿದಾಗ ರಿಜಿಸ್ಟರಿನಲ್ಲಿ ಬರೆಯಬೇಕು:
ಹೋದದ್ದು ಸಾವಿರ, ಬಂದದ್ದು ಒಂಬೈನೂರ ತೊಂಬತ್ತೆಂಟು.
ಆ ಎರಡರ ಎದುರು ಒಂದು ಕಾಲಮ್ಮು: ಕಾರಣ.
ಸೀಲು, ಗ್ಯಾಸ್ಕೆಟ್ಟು, ಮೇ ತಿಂಗಳ ಬಿಸಿಲು,
ಏನೋ ಒಂದು ಬರೆದು ಸಹಿ ಹಾಕುತ್ತಿದ್ದೆ.
ಒಳ್ಳೆಯ ಅಕ್ಷರ ನನ್ನದು.

ನಿವೃತ್ತಿಯಾಗಿ ಮೂರನೇ ವಾರ,
ಚೆಂಬೂರಿನ ಅಡುಗೆಮನೆಯಲ್ಲಿ ಪೇಪರು ಓದುತ್ತ ಕೂತಿದ್ದೆ.
ಮಾಟುಂಗದಿಂದ ಬಂದ ವಾರಿಜ
ಮೆಟ್ಟಿಲಿನಿಂದಲೇ ಕೂಗಿದಳು: ಹಾಲು!
ನನ್ನ ಮೊಣಕೈಯಿಂದ ಎರಡು ಗೇಣು ಆಚೆ
ಪಾತ್ರೆಯ ತಳ ಹಿಡಿದು ಕರಿಯಾಗುತ್ತಿತ್ತು.
ಪೇಪರು ಅಡ್ಡ ಇತ್ತು, ಎಂದೆ.
ಅವಳು ಏನೂ ಹೇಳದೆ ಪೊಟ್ಟಣ ಬಿಚ್ಚಿ
ಮಲ್ಲಿಗೆಯನ್ನು ನನ್ನ ಮೂಗಿನ ಕೆಳಗೆ ಹಿಡಿದಳು.
ತಣ್ಣಗಿತ್ತು. ಅಷ್ಟೇ.

ಆ ಕಾಲಮ್ಮಿನಲ್ಲಿ ಏನು ಬರೆಯಬೇಕಿತ್ತೆಂದು
ಆಗ ಹೊಳೆಯಿತು. ರಿಜಿಸ್ಟರು ಈಗ ಬೇರೆಯವರ ಕೈಯಲ್ಲಿದೆ.

ಬುಧವಾರ ಮಾಹಿಮ್ ಇಗರ್ಜಿಗೆ ಅವಳೇ ಕರೆದೊಯ್ದಳು,
ಊರ ದೈವಕ್ಕೆ ಹೇಳಿಕೊಂಡದ್ದು ಸಾಲದೆಂದು.
ಹೊರಗೆ, ಫುಟ್‌ಪಾತಿನ ಹಲಗೆಯ ಮೇಲೆ,
ಮೇಣದ ಕೈ, ಮೇಣದ ಕಾಲು, ಮಲಗಿದ ಮಗು,
ಎರಡು ಮಹಡಿಯ ಮನೆ, ವೀಸಾ ಬೇಕಾದವರಿಗೆ ಒಂದು ವಿಮಾನ.
ಮೂಗು ಇದೆಯಾ? ಕೇಳಿದೆ.
ಎಸ್ಪೆರಾನ್ಸಬಾಯಿ ಬುಟ್ಟಿಯ ತಳದವರೆಗೂ ಕೆದಕಿದಳು.
ಮೂಗು ಯಾರೂ ಕೇಳುವುದಿಲ್ಲ ಬಾಬಾ.
ತಲೆ ತಗೋ, ಅದರಲ್ಲೇ ಇದೆ.

ಮುಷ್ಟಿಯಷ್ಟು ತಲೆ, ಅಂಗೈಯಲ್ಲಿ ಕೂತಿತು.
ಉಗುರಿನಿಂದ ಗೀರಿದೆ, ಹಳೆಯ ಚಾಳಿ. ಜಿಡ್ಡಿಲ್ಲ.
ಬೆಳಕಿಗೆ ಹಿಡಿದೆ. ಹಳದಿಯಿಲ್ಲ.
ಐವತ್ತೆಂಟು ಡಿಗ್ರಿಗೆ ಕರಗುವ ಮಾಲು,
ಎಣ್ಣೆ ಅರ್ಧ ಪರ್ಸೆಂಟೂ ಇರಲಾರದು.
ನಮ್ಮದೇ ಇರಬಹುದು, ಚೀನಾದ್ದೂ ಇರಬಹುದು,
ತೊಳೆದ ಮೇಲೆ ಮೇಣಕ್ಕೆ ಊರಿಲ್ಲ.
ವಾಸನೆ ಬರುತ್ತದಾ ನೋಡು, ಎಂದು ವಾರಿಜಳ ಕೈಗಿಟ್ಟೆ.
ಮೂಸಿದಳು. ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದಳು.
ಏನೂ ಇಲ್ಲ, ಅಂದಳು, ಅಳುಕಿ.
ಹಾಗಾದರೆ ಒಳ್ಳೆಯ ಮಾಲು, ಅಂದೆ.

ದುಡ್ಡು ಕೊಟ್ಟು ಸಾಲಿನಲ್ಲಿ ನಿಂತೆವು.
ಬಿಸಿಲು ನೆತ್ತಿಗೇರಿತ್ತು.
ತಲೆ ಮೆತ್ತಗಾಗದಂತೆ ಅವಳು ಸೆರಗು ಹೊದಿಸಿದಳು.